ಡುಮ್ಮಿಯ ಒಳಗಿದ್ದ ಸಿದ್ದಕ್ಕ

ಸಿದ್ದಕ್ಕ ನಮ್ಮ ಶಾಲೆಯಲ್ಲಿ ನಾಯಿಯಾಗಿ ಕೆಲಸ ಮಾಡುತ್ತಿದ್ದಳು. ನಗಬೇಡಿ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಆಯಾ’ ಎಂದೇ ಇತ್ತು. ಆದರೆ ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂಕಾಲಿನವರೆಗೆ ಅವಳು ಗೇಟಿನ ಬಳಿ ನಿಂತ ಕಂದು ಬಣ್ಣದ, ಬಿಳಿ ಹೊಟ್ಟೆಯ, ಕೆಂಪು ನಾಲಿಗೆ ಇಳಿಬಿಟ್ಟ ದೊಡ್ಡ ನಾಯಿ. ಹೆಸರು ಡುಮ್ಮಿ. ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಿಂದ ಬರುವ ನೂರಿಪ್ಪತ್ತು ಮಕ್ಕಳೂ ಡುಮ್ಮಿಯನ್ನು ತಬ್ಬಿಕೊಂಡೇ ಒಳಗೆ ಹೋಗಬೇಕು, ಅದು ನಮ್ಮ ಪದ್ಧತಿ. ಹೆದರಿ ಅಳುತ್ತ ನಿಂತ ಮಗುವನ್ನು ನಾವು ಟೀಚರುಗಳು ಕೈಹಿಡಿದು ಕರೆದೊಯ್ದು ತಬ್ಬಿಸುತ್ತಿದ್ದೆವು. ಒಂದು ವಾರದಲ್ಲಿ ಹೆದರಿಕೆ ಹೋಗುತ್ತಿತ್ತು. ಮಕ್ಕಳ ಹೆದರಿಕೆ ಬಿಡಿಸುವುದರಲ್ಲಿ ನಮ್ಮದು ಎತ್ತಿದ ಕೈ.

ನಾನು ಆ ಶಾಲೆಯ ಟೀಚರು, ಉಮಾಶ್ರೀ, ದಾವಣಗೆರೆಯವಳು. ಡುಮ್ಮಿಯ ಕತೆಗಳನ್ನು ಬರೆಯುತ್ತಿದ್ದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಎನ್ನಬೇಡಿ. ಸಿದ್ದಕ್ಕನ ಮೊಮ್ಮಗಳು ಶೈಲಾ, ಐದು ವರ್ಷದ ಮಗು, ಬದುಕುತ್ತಾಳೋ ಇಲ್ಲವೋ ಎಂದು ಒಂದು ಮನೆ ಮೂರು ತಿಂಗಳಿಂದ ಉಸಿರು ಬಿಗಿಹಿಡಿದು ಕೂತಿದೆ. ಅದಕ್ಕೆ ಕಾರಣ ಹುಡುಕುತ್ತ ಹೋದರೆ ದಾರಿ ಬಂದು ನಿಲ್ಲುವುದು ನನ್ನ ಮೇಜಿನ ಮುಂದೆ.

ಸಿದ್ದಕ್ಕ ಸುರಪುರದ ಕಡೆಯವಳು. ಕುರಿ ಕಾಯುವ ಮನೆತನ. ಮದುವೆಯಾಗುವ ತನಕ ಅಪ್ಪ ಸೋಮಪ್ಪನ ಜೊತೆ ಕುರಿಮಂದೆಯ ಹಿಂದೆ ಊರೂರು ಅಲೆದು ಬೆಳೆದಿದ್ದಳು. ಬೆಂಗಳೂರಿಗೆ ಬಂದದ್ದು ಮಗಳು ಮಹಾನಂದಾಳ ಬಾಣಂತನ ಮಾಡಲು. ಮಗಳು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವವಳು, ಅಳಿಯ ಹನುಮೇಶ ಕಟ್ಟಡಗಳಿಗೆ ಕಂಬಿ ಕಟ್ಟುವವನು, ವಾರಗಟ್ಟಲೆ ಸೈಟಿನಲ್ಲೇ ಇರುವವನು. ಕೂಸನ್ನು ನೋಡಿಕೊಳ್ಳಲು ಎರಡು ತಿಂಗಳೆಂದು ಉಳಿದವಳು ಹೆಬ್ಬಗೋಡಿ ಹಿಂದಿನ ಶೀಟಿನ ಮನೆಯಲ್ಲಿ ಉಳಿದೇಬಿಟ್ಟಳು. ಶೈಲಾಗೆ ಮೂರು ತುಂಬಿದಾಗ ನಮ್ಮಲ್ಲಿ ಕೆಲಸಕ್ಕೆ ಸೇರಿದ್ದು ಒಂದೇ ಆಸೆಗೆ: ಕೆಲಸದವರ ಮನೆಯ ಒಂದು ಮಗುವಿಗೆ ನಮ್ಮ ಶಾಲೆಯಲ್ಲಿ ಪುಕ್ಕಟೆ ಸೀಟು.

ಮೊದಲು ಡುಮ್ಮಿಯಾಗುತ್ತಿದ್ದವನು ಅಂಬರೀಶ್ ಎಂಬ ಹುಡುಗ. ಅವನು ಊಟ ಡೆಲಿವರಿ ಮಾಡುವ ಕೆಲಸ ಸಿಕ್ಕಿತೆಂದು ಹೋದ. ಆ ವೇಷ ಕುಳ್ಳಗಿದ್ದ ಸಿದ್ದಕ್ಕನ ಮೈಗೆ ಹೊಲಿಸಿದ ಹಾಗೆ ಕೂತಿತು. ಒಳಗೆ ಬೇಯುವ ಸೆಕೆ. ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಇಳಿಯುತ್ತಿದ್ದಳು. ಕತ್ತಿನ ಹಿಂದಿನ ಜಿಪ್ ಅವಳ ಕೈಗೆ ಎಟುಕುತ್ತಿರಲಿಲ್ಲ, ಅದನ್ನು ಎಳೆಯುವುದು ಶೈಲಾಳ ಕೆಲಸ. ದಿನಾ ಬೆಳಗ್ಗೆ ಪಾತ್ರೆ ತೊಳೆಯುವ ಕೋಣೆಯಲ್ಲಿ ಆ ಮಗು ಸ್ಟೂಲ್ ಹತ್ತಿ ಅಜ್ಜಿಯನ್ನು ನಾಯಿಯೊಳಗೆ ಕೂರಿಸಿ ಜಿಪ್ ಹಾಕುತ್ತಿತ್ತು, ಒಂಬತ್ತೂಕಾಲಿಗೆ ಜಿಪ್ ಎಳೆದು ಹೊರಗೆ ತೆಗೆಯುತ್ತಿತ್ತು. ಡುಮ್ಮಿಯ ಒಳಗೆ ಯಾರಿದ್ದಾರೆ ಎಂದು ಗೊತ್ತಿದ್ದ ಮಗು ಅವಳೊಬ್ಬಳೇ. ಯಾರಿಗೂ ಹೇಳಬಾರದು, ಇದು ಗುಟ್ಟು ಎಂದು ನಾನೇ ಅವಳ ಬಾಯಿಗೆ ಬೀಗ ಹಾಕಿದ್ದೆ. ಎರಡು ವರ್ಷ ಒಬ್ಬರ ಮುಂದೂ ಬಾಯಿ ಬಿಡಲಿಲ್ಲ. ಗಟ್ಟಿ ಹುಡುಗಿ ಎಂದು ಹೊಗಳಿದ್ದೇ ಹೊಗಳಿದ್ದು ನಾನು.

ನಮ್ಮ ತರಗತಿಯ ಗೋಡೆಯಲ್ಲಿ ಒಂದು ಪಟ ಇತ್ತು. ಸಂತೋಷ, ದುಃಖ, ಸಿಟ್ಟು, ನಾಚಿಕೆ ಎಲ್ಲವನ್ನೂ ಪ್ರಾಣಿಗಳ ಮುಖದಲ್ಲಿ ತೋರಿಸುವಂಥದ್ದು. ಸಂತೋಷಕ್ಕೆ ಹಲ್ಲು ಕಿರಿದ ನಾಯಿ. ಒಂದು ದಿನ ನೆಲ ಒರೆಸುತ್ತಿದ್ದ ಸಿದ್ದಕ್ಕ ಅದರ ಮುಂದೆ ನಿಂತಳು.

“ಮೇಡಂ, ಇದು ನಗಲತ್ತಿಲ್ಲರಿ.”

“ಮತ್ತೇನ್ ಮಾಡ್ತೈತೆ ಸಿದ್ದಕ್ಕ?”

“ಕಡಿಲಾಕ ತಯಾರಾಗ್ಯಾದ. ಕಿವಿ ನೋಡ್ರಿ, ಹಿಂದಕ್ಕ ಮಲಗ್ಯಾವ. ಇಂಥ ಮಾರಿ ಕಂಡ್ರ ಓಡಬ್ಯಾಡ, ಮುಟ್ಟಬ್ಯಾಡ, ಕಲ್ಲಿನಂಗ ನಿಂದ್ರು ಅಂತಿದ್ದ ನಮ್ಮಪ್ಪ.”

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಸೋಮಪ್ಪನ ಮಂದೆಯಲ್ಲಿ ಎರಡು ನಾಯಿಗಳಿದ್ದವಂತೆ. ಮನೆಯಲ್ಲಿ ಬಡಿದ ಮೊದಲ ರೊಟ್ಟಿ ಅವಕ್ಕೆ. ಆದರೆ ಅವುಗಳ ಮೈದಡವಿದ್ದನ್ನು ಯಾರೂ ಕಂಡವರಿಲ್ಲ. ಉಣ್ಣುವ ನಾಯಿ, ಮರಿ ಹಾಕಿದ ನಾಯಿ, ಒಂಟಿಯಾಗಿ ಮಲಗಿದ ನಾಯಿ, ಈ ಮೂರರ ಹತ್ತಿರ ಮಂದಿ ಹೋಗಬಾರದು ಎನ್ನುವುದು ಅವರ ಮನೆತನದ ಕಟ್ಟಳೆ. ಕಟ್ಟಳೆ ಮೀರಿದ ಅವಳ ಕಾಕಾ ನೀಲಪ್ಪ ಹುಚ್ಚುನಾಯಿ ಕಡಿದು ಸತ್ತದ್ದನ್ನು ಸಿದ್ದಕ್ಕ ಏಳನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡಿದ್ದಳು. ತಂಬಿಗೆಯ ನೀರು ನೋಡಿ ಅವನು ಕೂಗಿಕೊಂಡದ್ದನ್ನು ಹೇಳುವಾಗ ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ನೆಲದ ಮೇಲೆ ನಿಂತೇಬಿಟ್ಟಿತ್ತು. ನಾನು ಅಯ್ಯೋ ಪಾಪ ಎಂದು ಚಹಾ ಕುಡಿಯಲು ಹೋದೆ.

ಅದೇ ವಾರ ಬೇಲಿಯಾಚೆ ಅನ್ನ ತಿನ್ನುತ್ತಿದ್ದ ಬೀದಿನಾಯಿಯ ಕಡೆಗೆ ಮಕ್ಕಳು ಕೈ ಚಾಚಿದಾಗ, “ಉಣ್ಣೋ ನಾಯಿ ಹತ್ರ ಹೋಗಬ್ಯಾಡ್ರಿ, ಕಡೀತದ” ಎಂದು ಕೂಗಿದಳು. ಸಂಜೆಗೆ ಒಬ್ಬ ತಾಯಿ ಪೋಷಕರ ಗ್ರೂಪಿನಲ್ಲಿ ಬರೆದಳು, ನಮ್ಮ ಮಗು ನಾಯಿ ಎಂದರೆ ಹೆದರುತ್ತಿದೆ, ಶಾಲೆಯಲ್ಲಿ ಯಾರು ಹೀಗೆ ಹೆದರಿಸಿದ್ದು ಎಂದು. ಶಾಲೆ ನಡೆಸುವ ಸಿದ್ದಾರ್ಥ್ ಮರುದಿನ ನಮ್ಮಿಬ್ಬರನ್ನೂ ಕರೆದ.

“ಸಿದ್ದಕ್ಕ, ಇಲ್ಲಿ ನಾವು ಫಿಯರ್ ಕಲಿಸಲ್ಲ, ಲವ್ ಕಲಿಸ್ತೀವಿ. ನೀವೇ ಡುಮ್ಮಿ ಆಗಿ ನಾಯಿ ಕಚ್ಚುತ್ತೆ ಅಂದ್ರೆ ಹೆಂಗೆ? ಶೈಲಾ ಇಲ್ಲೇ ಓದ್ಬೇಕು ಅಲ್ವಾ?”

ಕೊನೆಯ ಮಾತನ್ನು ನಗುತ್ತಲೇ ಹೇಳಿದ. ಸಿದ್ದಕ್ಕ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಅಂದಿನಿಂದ ಅವಳು ಶಾಲೆಯಲ್ಲಿ ನಾಯಿಯ ಸುದ್ದಿ ಎತ್ತಲಿಲ್ಲ. ಮನೆಯಲ್ಲಿ ಮೊಮ್ಮಗಳಿಗೆ ಹೇಳುತ್ತಿದ್ದಳಂತೆ. ಶೈಲಾ ಅದನ್ನು ತರಗತಿಗೆ ತಂದು, “ಟೀಚರ್, ನಾಯಿ ಮುಟ್ಟಬಾರ್ದು ಅಂತಾಳೆ ನಮ್ಮ ಆಯಿ” ಎಂದಳು. ಅವರ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ನಾನು ಅವಳ ಕೆನ್ನೆ ಸವರಿ, ಆಯಿಗೆ ಹಳೇ ಕಾಲದ ಹೆದರಿಕೆ, ನೀನು ಹೆದರಬೇಡ ಎಂದೆ. ಮಗು ಟೀಚರ ಮಾತನ್ನೇ ನಂಬಿತು. ಆ ವಯಸ್ಸಿನಲ್ಲಿ ಟೀಚರ ಮಾತೆಂದರೆ ವೇದವಾಕ್ಯ.

ಜನವರಿಯ ವಾರ್ಷಿಕೋತ್ಸವಕ್ಕೆ ನಾನೊಂದು ನಾಟಕ ಬರೆದೆ. ಡುಮ್ಮಿ ಆಟವಾಡುತ್ತ ಗೆಳತಿಯ ತೋಳನ್ನು ತಪ್ಪಿ ಕಚ್ಚುತ್ತದೆ. ಆಮೇಲೆ ಅಳುತ್ತದೆ, ಎರಡು ಕಾಲಿನಲ್ಲಿ ನಿಂತು ಕೈ ಮುಗಿದು ಕ್ಷಮೆ ಕೇಳುತ್ತದೆ. ದೊಡ್ಡವರಿಗೆ ಗೊತ್ತಾದರೆ ಡುಮ್ಮಿಯನ್ನು ಕಪ್ಪು ವ್ಯಾನಿನವರು ಹಿಡಿದುಕೊಂಡು ಹೋಗುತ್ತಾರೆ. ಹುಡುಗಿ ತೋಳನ್ನು ಅಂಗಿಯೊಳಗೆ ಮುಚ್ಚಿಕೊಂಡು, “ಇದು ನಮ್ಮಿಬ್ಬರ ಗುಟ್ಟು” ಎನ್ನುತ್ತಾಳೆ. ಪ್ರೀತಿಯಿಂದ ಗಾಯ ತಾನಾಗಿ ಮಾಯುತ್ತದೆ. ಕ್ಷಮೆಯ ಪಾಠ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಹುಡುಗಿಯ ಪಾತ್ರಕ್ಕೆ ಶೈಲಾಳನ್ನು ಆರಿಸಿದ್ದೂ ನಾನೇ, ಡುಮ್ಮಿಯ ಬಾಯಿಗೆ ತೋಳು ಕೊಡಲು ಹೆದರದ ಮಗು ಅವಳೊಬ್ಬಳೇ ಎಂದು. ಹದಿನೈದು ದಿನ ತಾಲೀಮು, ಡುಮ್ಮಿಯ ವೇಷದಲ್ಲಿ ಸಿದ್ದಕ್ಕನೇ. ಹದಿನೈದು ದಿನವೂ ಆ ಮಗು ಕಚ್ಚಿಸಿಕೊಂಡಿತು, ತೋಳು ಮುಚ್ಚಿಕೊಂಡಿತು, ಗುಟ್ಟು ಎಂದಿತು. ಹಬ್ಬದ ದಿನ ಅಪ್ಪ ಅಮ್ಮಂದಿರು ಕಣ್ಣೊರೆಸಿಕೊಂಡರು. ವಿಡಿಯೊ ಸಾವಿರಾರು ಜನರ ಮೊಬೈಲಿಗೆ ಹೋಯಿತು.

ಫೆಬ್ರವರಿ ನಡುವಿಗೇ ಬಿಸಿಲು ಚುರುಕಾಯಿತು. ಸಿದ್ದಕ್ಕನ ವಠಾರದ ಸುತ್ತ ಒಂದು ಕಂದು ನಾಯಿ ಇತ್ತು, ಹೊಟ್ಟೆ ಬಿಳಿ. ಶೈಲಾ ಅದಕ್ಕೆ ಡುಮ್ಮಿ ಎಂದೇ ಹೆಸರಿಟ್ಟಿದ್ದಳು. ಸಾಧು ನಾಯಿ. ಸಿದ್ದಕ್ಕ ದಿನಾ ರೊಟ್ಟಿ ಹಾಕುತ್ತಿದ್ದಳು, ದೂರದಿಂದ. ಒಂದು ಬೆಳಗ್ಗೆ ವೇಷ ಹಾಕಿಕೊಳ್ಳುವ ಮುಂಚೆ ನನ್ನ ಬಳಿ ಬಂದಳು.

“ಮೇಡಂ, ನಮ್ಮ ಓಣಿ ನಾಯಿ ಎರಡು ದಿನದಿಂದ ರೊಟ್ಟಿ ಮುಟ್ಟವಲ್ದು. ಮಂದಿ ಗುರ್ತು ಹಿಡಿವಲ್ದು. ಸುಮ್ಮಸುಮ್ಮನ ಕಲ್ಲು ಕಡೀಲತ್ತದ. ನನಗ ಚಲೋ ಕಾಣವಲ್ದು. ಯಾರಿಗರ ಫೋನ್ ಹಚ್ಚರಿ, ಹಿಡಕೊಂಡ ಹೋಗ್ಲಿ.”

“ಹಚ್ತೀನಿ ಬಿಡು” ಎಂದೆ. ಹಚ್ಚಲಿಲ್ಲ. ಮರೆತೆ ಎಂದರೆ ಅರ್ಧ ಸುಳ್ಳು. ನಾಯಿ ಹಿಡಿಯುವ ವ್ಯಾನನ್ನು ಖಳನಾಯಕ ಮಾಡಿ ಚಪ್ಪಾಳೆ ಗಿಟ್ಟಿಸಿದವಳಿಗೆ ಆ ವ್ಯಾನನ್ನೇ ಕರೆಯಲು ಮನಸ್ಸು ಬರಲಿಲ್ಲ, ಅಷ್ಟೇ. ಎರಡು ದಿನ ಬಿಟ್ಟು ನಾಯಿ ಮೋರಿಯ ಬಳಿ ಸತ್ತು ಬಿದ್ದಿತ್ತು. ಸಿದ್ದಕ್ಕ ವಠಾರದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಯಾರಿಗಾದರೂ ಕಡಿದಿದೆಯಾ, ಪರಚಿದೆಯಾ ಎಂದು ಕೇಳಿದಳು. ಎಲ್ಲರೂ ಇಲ್ಲ ಎಂದರು. ಶೈಲಾನೂ ಇಲ್ಲ ಎಂದಳು.

ಅದಾದ ಮೇಲೆ ಮಾರ್ಚ್ ಮೊದಲ ವಾರ. ಒಂದು ಬೆಳಗ್ಗೆ ಬೇಗ ಬಂದ ಮಕ್ಕಳಿಗೆ ‘ನನ್ನ ಗೆಳೆಯ’ ಎಂದು ಚಿತ್ರ ಬರೆಯಲು ಹೇಳಿದ್ದೆ. ಶೈಲಾಳ ಹಾಳೆಯಲ್ಲಿ ಒಂದು ಕಂದು ನಾಯಿ. ಕಣ್ಣಿನಿಂದ ನೀಲಿ ಹನಿಗಳು, ಬಾಯಿಯಿಂದಲೂ ನೀಲಿ ಹನಿಗಳು. ಕತ್ತಿನ ಹಿಂದೆ ಒಂದು ಜಿಪ್, ಅರ್ಧ ತೆರೆದದ್ದು. ಒಳಗೆ ಸೀರೆ ಉಟ್ಟ ಪುಟ್ಟ ಹೆಂಗಸು ಕೂತಿದ್ದಾಳೆ, ಅವಳೂ ಅಳುತ್ತಿದ್ದಾಳೆ.

“ಇದು ನಮ್ಮ ಡುಮ್ಮಿನಾ ಪುಟ್ಟಿ?”

“ಅಲ್ಲ ಟೀಚರ್, ಓಣಿ ಡುಮ್ಮಿ. ಅಳ್ತಿತ್ತು. ಬಾಯಿಂದಾನೂ ಅಳ್ತಿತ್ತು. ನಾನು ಚಿಪ್ಪಲ್ಲಿ ನೀರು ಕೊಟ್ಟೆ. ಕುಡಿಯಕ್ಕೇ ಬರ್ಲಿಲ್ಲ, ಎಲ್ಲಾ ಹೊರಗೇ ಬಂತು.”

“ಮತ್ತೆ ಈ ಜಿಪ್ ಯಾಕೆ?”

“ಒಳಗಿರೋರಿಗೆ ಸೆಕೆ ಆಗಿತ್ತು ಅನ್ಸುತ್ತೆ. ಅದಕ್ಕೆ ತೆಗೆಯೋಣ ಅಂತ ಹುಡುಕ್ದೆ. ಸಿಗ್ಲಿಲ್ಲ.”

ನೂರಿಪ್ಪತ್ತು ಮಕ್ಕಳಿಗೆ ನಾಯಿಯೆಂದರೆ ಮನುಷ್ಯನ ಹಾಗೆ ಎಂದು ಕಲಿಸಿದ್ದೆವು. ಈ ಒಂದು ಮಗುವಿಗೆ ಮಾತ್ರ ನಾಯಿಯ ಒಳಗೆ ಮನುಷ್ಯರೇ ಇರುತ್ತಾರೆ ಎಂದು ದಿನಾ ಕಣ್ಣೆದುರಿಗೆ ತೋರಿಸಿದ್ದೆವು. ಆ ಮಗು ನೊರೆ ಸುರಿಸುತ್ತಿದ್ದ ನಾಯಿಯ ಕತ್ತಿನ ಹಿಂದೆ ಕೈ ಹಾಕಿ ಜಿಪ್ ಹುಡುಕಿತ್ತು.

“ಅದು ನಿನಗೆ ಕಚ್ತಾ ಶೈಲಾ?”

ಮಗುವಿನ ಬಲಗೈ ಹೋಗಿ ಎಡತೋಳನ್ನು ಮುಚ್ಚಿಕೊಂಡಿತು, ಥೇಟ್ ನಾನು ಕಲಿಸಿದ ಹಾಗೆ. ನಾನು ಅಂಗಿಯ ತೋಳು ಸರಿಸಿದೆ. ಮೊಣಕೈ ಮೇಲೆ ಎರಡು ಸಣ್ಣ ಗಾಯದ ಕಲೆ, ಒಣಗಿ ಮಾಯ್ದಿದ್ದವು.

ಶೈಲಾಳನ್ನು ಪಾತ್ರೆ ತೊಳೆಯುವ ಕೋಣೆಗೆ ಕರೆದೊಯ್ದು ಗೇಟಿನಿಂದ ಸಿದ್ದಕ್ಕನನ್ನು ಕರೆಸಿದೆ. ನಾಯಿಯ ಮೈಯಲ್ಲೇ ಬಂದಳು, ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು. ನಾನು ತಡವರಿಸುತ್ತ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ನನ್ನನ್ನು ಬೈಯಲಿಲ್ಲ. ಮೊಮ್ಮಗಳ ಮುಂದೆ ಕೂತು ಒಂದೇ ಮಾತು ಕೇಳಿದಳು.

“ನೀರು ಕುಡೀಲಿಲ್ಲೇನು ಅದು?”

“ಇಲ್ಲ ಆಯಿ. ಟೀಚರ್ ನೋಡಿಬಿಟ್ರು. ಈಗ ಡುಮ್ಮೀನ ವ್ಯಾನಲ್ಲಿ ಹಾಕ್ತಾರಾ?”

ನಾಯಿ ಸತ್ತದ್ದನ್ನು ಆ ಮಗು ಕಣ್ಣಾರೆ ಕಂಡಿತ್ತು. ಆದರೂ ಕೇಳಿತು. ನನ್ನ ಕತೆಯಲ್ಲಿ ಡುಮ್ಮಿ ಸಾಯುವುದಿಲ್ಲವಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ದಿನ ಎಣಿಸಿದರು. ಹತ್ತೊಂಬತ್ತು. “ಇಷ್ಟು ದಿನ ಏನ್ಮಾಡ್ತಿದ್ರಿ ಎಲ್ಲರೂ?” ಎಂದು ಗದರಿದರು. ಕಲೆಯ ಸುತ್ತ ಸೂಜಿ ಚುಚ್ಚಿದರು, ಇನ್ನೊಂದು ತೋಳಿಗೂ ಕೊಟ್ಟರು.

“ಉಳಿದ ಇಂಜೆಕ್ಷನ್ ಒಂದೂ ತಪ್ಪಿಸ್ಬೇಡಿ. ವಿಷ ತಲೆಗೆ ಏರೋದ್ರೊಳಗೆ ಔಷಧ ಕೆಲಸ ಮಾಡಿದ್ರೆ ಮಗು ಉಳಿಯುತ್ತೆ.”

“ಉಳೀತು ಅಂತ ಯಾವಾಗ ಗೊತ್ತಾಗುತ್ತೆ ಸಾರ್?” ಎಂದೆ.

“ದಿನ ಕಳೀಬೇಕಮ್ಮ. ತಿಂಗಳುಗಟ್ಟಲೆ ನೋಡ್ಬೇಕು. ನೀರು ನುಂಗಕ್ಕಾಗದೆ ಗಂಟಲು ಹಿಡಿಯೋದು, ಗಾಳಿ ಸೋಕಿದ್ರೆ ಬೆಚ್ಚೋದು ಕಂಡ್ರೆ ತಕ್ಷಣ ಕರ್ಕೊಂಡ್ಬನ್ನಿ.”

ಕರೆತಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಡಾಕ್ಟರು ಚೀಟಿ ಬರೆಯುತ್ತಲೇ ಇದ್ದರು. ಸಿದ್ದಕ್ಕ ಕೇಳಲಿಲ್ಲ. ಆಮೇಲೆ ಮಾಡುವುದೇನೂ ಉಳಿದಿರುವುದಿಲ್ಲ ಎಂದು ನೀಲಪ್ಪ ಕಾಕಾನ ಸಾವು ಕಂಡವಳಿಗೆ ಗೊತ್ತಿತ್ತು.

ಶಾಲೆಯಲ್ಲಿ ಸಿದ್ದಾರ್ಥ್ ಮುಖ ಸಪ್ಪಗೆ ಮಾಡಿಕೊಂಡು ಎಲ್ಲ ಕೇಳಿದ. ಪಾಪ, ಅವನೂ ಕಲ್ಲಲ್ಲ. ಆದರೆ ಕೊನೆಗೆ ಅಂದದ್ದು, “ಪೇರೆಂಟ್ಸ್ ಗ್ರೂಪಲ್ಲಿ ಇದು ಬರೋದು ಬೇಡ. ಡುಮ್ಮಿಗೂ ಇದಕ್ಕೂ ಸಂಬಂಧ ಇಲ್ಲ” ಎಂದು. ಸೋಮವಾರ ಸಿದ್ದಕ್ಕ ಎಂದಿನಂತೆ ಬಂದಳು. ಜಿಪ್ ಎಳೆಯಲು ಶೈಲಾ ಇರಲಿಲ್ಲ, ನಾನೇ ಎಳೆದೆ. ಗೇಟು ತೆರೆಯಿತು. ಮಕ್ಕಳು ತೋಳು ಚಾಚಿಕೊಂಡು ಓಡಿಬಂದರು.

ಆಗ ಡುಮ್ಮಿ ಗುರುಗುಟ್ಟಿತು.

ಅದು ಹೆಂಗಸು ಅಣಕಿಸುವ ದನಿ ಆಗಿರಲಿಲ್ಲ. ಅಡವಿಯಲ್ಲಿ ತೋಳದ ವಾಸನೆ ಹಿಡಿದ ಮಂದೆಯ ನಾಯಿ ಗಂಟಲಾಳದಿಂದ ಹೊರಡಿಸುವ ಸದ್ದು. ಆ ಸದ್ದಿನ ನಡುವೆ ಹುಟ್ಟಿ ಬೆಳೆದವರಿಗಷ್ಟೇ ಬರುವಂಥದ್ದು. ಮಕ್ಕಳು ನಿಂತಲ್ಲೇ ನಿಂತರು. ಒಂದು ಮಗು ಚಡ್ಡಿ ಒದ್ದೆ ಮಾಡಿಕೊಂಡಿತು. ನಗುವ ಬಾಯಿ, ಕೆಂಪು ನಾಲಿಗೆ, ಗುಂಡು ಕಣ್ಣು, ಎಲ್ಲ ಹಾಗೇ ಇದ್ದು ಒಳಗಿನಿಂದ ಆ ಸದ್ದು ಬರುತ್ತಿತ್ತು. ಆಮೇಲೆ ಅವಳು ಎರಡೂ ಕೈಯಲ್ಲಿ ನಾಯಿಯ ತಲೆ ಕಿತ್ತು ನೆಲಕ್ಕಿಟ್ಟಳು. ನರೆಗೂದಲು ಬೆವರಿನಿಂದ ಹಣೆಗೆ ಅಂಟಿತ್ತು.

“ನೋಡ್ರಿ, ನಾನು ಸಿದ್ದಕ್ಕ. ಇದು ಬರೀ ಅರಿವಿ. ನಾಯಿ ಒಳಗ ನಾಯೇ ಇರ್ತದ. ಯಾರೂ ಇರಂಗಿಲ್ಲ. ತಬ್ಬಬ್ಯಾಡ್ರೋ ಯಪ್ಪಾ, ನಿಮ್ಮ ಕಾಲಿಗಿ ಬೀಳ್ತೀನಿ.”

ಮಕ್ಕಳೆಲ್ಲ ಒಟ್ಟಿಗೆ ಅಳಲು ಶುರು ಮಾಡಿದರು. ತಾಯಂದಿರು ಮೊಬೈಲ್ ಎತ್ತಿದರು. ಸಿದ್ದಾರ್ಥ್ ಅವಳನ್ನು ಕೆಲಸದಿಂದ ತೆಗೆಯುವ ಪ್ರಮೇಯವೇ ಬರಲಿಲ್ಲ. ಅವಳೇ ಡುಮ್ಮಿಯ ತಲೆಯನ್ನು ಅವನ ಮೇಜಿನ ಮೇಲಿಟ್ಟು ಹೊರಟುಹೋದಳು. ಹಾಗೆ ಮೊಮ್ಮಗಳ ಸೀಟೂ ಹೋಯಿತು.

ನಾನಿನ್ನೂ ಅಲ್ಲೇ ಇದ್ದೇನೆ. ಬೈಯುವವರು ಬೈಯಬಹುದು. ಗೇಟಿನಲ್ಲಿ ಈಗ ಬೇರೆ ಆಯಾ ಡುಮ್ಮಿಯಾಗಿದ್ದಾಳೆ. ಆ ಪಟ ಕಿತ್ತು ಹಾಕಿದೆ, ನಾಟಕದ ವಿಡಿಯೊ ತೆಗೆಸಿದೆ. ಆದರೆ ಬಿಟ್ಟ ಬಾಣ ಬತ್ತಳಿಕೆಗೆ ವಾಪಸ್ ಬರುತ್ತದೆಯೇ? ಕಳೆದ ವಾರ ನಾಗಸಂದ್ರದ ಯಾವುದೋ ಶಾಲೆಯ ಟೀಚರೊಬ್ಬಳು ಫೋನ್ ಮಾಡಿ ಆ ನಾಟಕ ಆಡಿಸಲು ಒಪ್ಪಿಗೆ ಕೇಳಿದಳು. ಬೇಡಮ್ಮ, ದಯವಿಟ್ಟು ಬೇಡ ಎಂದು ನಡೆದದ್ದೆಲ್ಲ ಹೇಳಿದೆ. “ಅಯ್ಯೋ ಮೇಡಂ, ಮಕ್ಕಳಿಗೆ ಡೈಲಾಗೆಲ್ಲಾ ಬಾಯಿಪಾಠ ಆಗ್ಬಿಟ್ಟಿದೆ” ಎಂದಳು.

ಇಂಜೆಕ್ಷನ್ನುಗಳೆಲ್ಲ ಮುಗಿದಿವೆ. ಈಗ ಜೂನ್. ಭಾನುವಾರಗಳಲ್ಲಿ ನಾನು ಹೆಬ್ಬಗೋಡಿಗೆ ಹೋಗುತ್ತೇನೆ. ಏಕೆ ಬರುತ್ತೀರಿ ಎಂದು ಅವರು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಸಿದ್ದಕ್ಕ ಬೆಳಗ್ಗೆ ಎದ್ದವಳೇ ಮಾಡುವ ಮೊದಲ ಕೆಲಸ ಶೈಲಾಳ ಕೈಗೆ ಒಂದು ಲೋಟ ನೀರು ಕೊಡುವುದು. ಕೊಟ್ಟು ಅವಳ ಗಂಟಲನ್ನೇ ನೋಡುತ್ತ ನಿಲ್ಲುವುದು. ಮಗು ಗಟಗಟ ಕುಡಿದು ಲೋಟ ವಾಪಸ್ ಕೊಟ್ಟ ಮೇಲೆ ಆ ಮನೆಯಲ್ಲಿ ಒಲೆ ಹೊತ್ತುತ್ತದೆ.

ಹೋದ ಭಾನುವಾರ ನಾನು ಹೋದಾಗ ಒಂಬತ್ತು ಗಂಟೆ. ಒಲೆ ಹೊತ್ತಿರಲಿಲ್ಲ. ಮಹಾನಂದಾ ಗೋಡೆಗೆ ಒರಗಿ ಕೂತಿದ್ದಳು. ಸಿದ್ದಕ್ಕ ನೀರಿನ ಲೋಟ ಹಿಡಿದುಕೊಂಡು ಹಾಸಿಗೆಯ ಪಕ್ಕ ಕೂತಿದ್ದಳು. ಶೈಲಾ ಬೆನ್ನು ತಿರುಗಿಸಿ ಮಲಗಿದ್ದಳು.

“ಬ್ಯಾಡ ಅಂತದರಿ ಮೇಡಂ” ಎಂದಳು ಮಹಾನಂದಾ, ತಗ್ಗಿದ ದನಿಯಲ್ಲಿ. “ಎರಡು ಸರ್ತಿ ಕೊಟ್ಟೀವಿ. ಲೋಟ ನೂಕ್ತದ.”

ಮೈ ಮುಟ್ಟಿ ನೋಡಿದೆ, ಸ್ವಲ್ಪ ಬೆಚ್ಚಗಿತ್ತು. ಮೇಲೆ ಶೀಟು ಕಾಯುತ್ತಿತ್ತು, ಎಲ್ಲರ ಮೈಯೂ ಬೆಚ್ಚಗೇ ಇತ್ತು. ಫ್ಯಾನ್ ಹಾಕಲು ಹೋದ ನನ್ನ ಕೈ ಗುಂಡಿಯ ಮೇಲೇ ನಿಂತಿತು. ಗಾಳಿಗೆ ಮಗು ಬೆಚ್ಚಿದರೆ? ಹಾಕಲಿಲ್ಲ. ಹತ್ತಾಯಿತು. ಹನ್ನೊಂದಾಯಿತು. ಹನುಮೇಶ ಸೈಟಿನಿಂದ ಎರಡು ಸಲ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಆಸ್ಪತ್ರೆಗೆ ಹೊರಡೋಣ ಎಂದು ನಾನು ಎದ್ದರೆ ಸಿದ್ದಕ್ಕ ಬೇಡವೆಂದು ತಲೆಯಾಡಿಸಿದಳು. ಗೊತ್ತಾಗುವವರೆಗೆ ಗೊತ್ತಾಗದೇ ಇರಲಿ ಎನ್ನುವ ಹಾಗಿತ್ತು ಅವಳ ಮುಖ. ಆ ಎರಡು ಗಂಟೆಯಲ್ಲಿ ನನ್ನ ಆಯಸ್ಸಿನ ಎರಡು ವರ್ಷ ಹೋಗಿರಬೇಕು.

ಹನ್ನೊಂದೂವರೆಗೆ ಶೈಲಾ ಎದ್ದು ಕೂತಳು. ನಮ್ಮ ಮೂವರ ಮುಖ ನೋಡಿದಳು. ಎಲ್ಲರೂ ತನ್ನ ಗಂಟಲನ್ನೇ ಏಕೆ ನೋಡುತ್ತಿದ್ದಾರೆ ಎಂದು ಅವಳಿಗೆ ಅರ್ಥವಾಗಿರಲಿಲ್ಲ, ಬೇಜಾರಾಗಿತ್ತು.

“ನೀವೆಲ್ಲಾ ಆ ಕಡೆ ತಿರುಗ್ರಿ. ನೋಡ್ಬ್ಯಾಡ್ರಿ.”

ತಿರುಗಿದೆವು. ನಾನು ಗೋಡೆಯಲ್ಲಿದ್ದ ಕ್ಯಾಲೆಂಡರ್ ನೋಡುತ್ತ ನಿಂತೆ. ಬೆನ್ನ ಹಿಂದೆ ಲೋಟದ ಸದ್ದು, ಆಮೇಲೆ ಒಂದು ಗುಟುಕು. ಒಂದು ಕ್ಷಣ ಏನೂ ಇಲ್ಲ. ಮತ್ತೆ ಗುಟುಕು, ಗುಟುಕು, ಗುಟುಕು. ಖಾಲಿ ಲೋಟ ನೆಲಕ್ಕೆ ತಾಗಿದ ಸದ್ದು ಕೇಳಿದ ಮೇಲೆ ಸಿದ್ದಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಎದ್ದು ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು. ಹಿಟ್ಟು ನಾದುತ್ತ, ನನ್ನ ಕಡೆ ತಿರುಗದೆ ಹೇಳಿದಳು:

“ಇವತ್ತಿಂದು ಆತ್ರಿ ಮೇಡಂ.”